ನಮ್ಮ ಸಂಘದ ಜಾಲಪುಟವನ್ನು ನಾವೇ ಬರೆಯಲು ಕಲಿತದ್ದು

(ಬೆಳ್ಳಿಹಬ್ಬದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಮಗೆ ಕೊಟ್ಟಿರುವ ವಿಷಯ ಗಣಕಯಂತ್ರ ಮತ್ತು ಗ್ರಾಮೀಣ ಸಹಕಾರ ಅಂತ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಅದು ಬಹಳ ದೊಡ್ಡ ವಿಷಯ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಹೊಲಕ್ಕೆ ಇಳಿದವರು. ಅಷ್ಟು ದೊಡ್ಡದಕ್ಕೆ ಕೈ ಹಾಕದೆ, ಕಳೆದ ಒಂದೂವರೆ ವರ್ಷದಿಂದ ಸಂಜೆಯ ಹಾಲು ಅಳೆದಾದ ಮೇಲೆ ಸಂಘದ ಕಚೇರಿಯಲ್ಲಿ ನಾವು ಐದಾರು ಜನ ಕೂತು ಏನು ಕಲಿತೆವೋ ಅಷ್ಟನ್ನು ಮಾತ್ರ ತಮ್ಮ ಮುಂದೆ ಇಡುತ್ತೇವೆ. ಕಲಿತದ್ದು ಜಾಲಪುಟ ಬರೆಯುವುದನ್ನು. ವೆಬ್ ಪೇಜ್ ಅಂತಾರಲ್ಲ, ಅದೇ.

ಮೊದಲು ಕಾರಣ ಹೇಳಬೇಕು. ಇಲ್ಲದಿದ್ದರೆ ನಲವತ್ತು ದಾಟಿದ ಮೇಲೆ ಇವರಿಗೆ ಇದೇನು ಹುಚ್ಚು ಅಂತ ತಾವು ಅಂದುಕೊಳ್ಳುವುದು ಸಹಜ. ಸಂಘಕ್ಕೆ ಜಾಲಪುಟ ಹೊಸದಲ್ಲ. ಕೆಲವು ವರ್ಷಗಳ ಹಿಂದೆ ಪಟ್ಟಣದ ಒಬ್ಬರು ಒಂದು ಪುಟ ಮಾಡಿಕೊಟ್ಟಿದ್ದರು. ನೋಡಲು ಚೆಂದವೇ ಇತ್ತು. ಹಸಿರು ಹುಲ್ಲು, ಹುಲ್ಲಿನಲ್ಲಿ ಹಸು, ಹಸುವಿನ ಮೇಲೆ ಓಡಾಡುವ ಅಕ್ಷರ, ನಮ್ಮ ನಿರ್ದೇಶಕರೆಲ್ಲರ ಭಾವಚಿತ್ರ. ಆದರೆ ಅದರ ಬೀಗದ ಕೈ ಅವರ ಹತ್ತಿರವೇ ಇತ್ತು. ಒಕ್ಕೂಟದಿಂದ ಹಾಲಿನ ದರ ಬದಲಾದಾಗಲೆಲ್ಲಾ ಅವರಿಗೆ ಫೋನ್ ಮಾಡಬೇಕು. ಮೊದಮೊದಲು ಎರಡು ದಿನದಲ್ಲಿ ತಿದ್ದುತ್ತಿದ್ದರು. ಆಮೇಲೆ ವಾರ ಆಯಿತು, ಆಮೇಲೆ ತಿಂಗಳು. ಗೋಡೆಯ ಬೋರ್ಡಿನಲ್ಲಿ ಒಂದು ದರ, ಪುಟದಲ್ಲಿ ಇನ್ನೊಂದು ದರ. ಹಾಲು ಹಾಕುವ ಹೆಣ್ಣುಮಕ್ಕಳು ಮೊಬೈಲು ಹಿಡಿದುಕೊಂಡು ಬಂದು, ಇದರಲ್ಲಿ ಹೀಗಿದೆ, ನೀವು ಹಂಗೆ ಕೊಡ್ತೀರಲ್ಲ ಅಂತ ಕೇಳಿದರೆ ಕಾರ್ಯದರ್ಶಿಗಳು ಏನು ಉತ್ತರ ಕೊಡಬೇಕು? ಸಹಕಾರ ಸಂಘದಲ್ಲಿ ದರದ ಬಗ್ಗೆ ಅನುಮಾನ ಹುಟ್ಟಿತು ಅಂದರೆ ಹಾಲಿಗೆ ಹುಳಿ ಬಿದ್ದ ಹಾಗೆ. ಕೊನೆಗೆ ಅವರು ಆ ಕಸುಬು ಬಿಟ್ಟರು, ಫೋನ್ ನಂಬರೂ ಬದಲಾಯಿತು. ಪುಟದ ಹೆಸರಿಗೆ ವರ್ಷವರ್ಷ ಕಟ್ಟಬೇಕಾದ ಬಾಡಿಗೆ ನಿಂತು, ಒಂದು ದಿನ ಪುಟವೇ ತೆರೆಯಲಿಲ್ಲ.

ಅದಕ್ಕೂ ಮುಂಚೆ ಇನ್ನೊಂದು ನಡೆದಿತ್ತು. ನಮ್ಮ ಸದಸ್ಯರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದೆ. ಎರಡು ಹಸು ಕಟ್ಟಿದ್ದಾರೆ, ಕೈ ಅಂದಾಜಿನಲ್ಲೇ ಕರೆಯುತ್ತಾರೆ, ಲೆಕ್ಕದಲ್ಲಿ ಮಾತ್ರ ಬಲು ಚುರುಕು. ಅವರ ಮಗ ಫೋನಿನಲ್ಲಿ ಓದಿ ಹೇಳುವ ವ್ಯವಸ್ಥೆ ಹಾಕಿಕೊಟ್ಟಿದ್ದಾನೆ, ಪರದೆಯ ಮೇಲಿನ ಕನ್ನಡವನ್ನು ಅದು ಗಟ್ಟಿಯಾಗಿ ಓದುತ್ತದೆ. ಅವರು ವಾರ್ಷಿಕ ಸಭೆಯಲ್ಲಿ ಎದ್ದು ನಿಂತು, ಪೇಪರು ಓದುತ್ತದೆ, ಪಂಚಾಂಗ ಓದುತ್ತದೆ, ನಮ್ಮ ಸಂಘದ ಪುಟಕ್ಕೆ ಹೋದರೆ ಮಾತ್ರ ಫೋನು ಮೂಕ ಆಗುತ್ತದೆ, ಯಾಕೆ ಅಂತ ಕೇಳಿದರು. ಸಭೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಗೊತ್ತಾಯಿತು, ದರದ ಪಟ್ಟಿಯನ್ನು ಫೋಟೋ ತೆಗೆದು ಅಂಟಿಸಿದ್ದರು. ಕಣ್ಣಿದ್ದವರಿಗೆ ಅದು ದರಪಟ್ಟಿ. ಫೋನಿಗೆ ಅದು ಬರೀ ಚಿತ್ರ, ಅದರಲ್ಲಿ ಒಂದು ಅಕ್ಷರವೂ ಇಲ್ಲ.

ಈ ಎರಡು ಸಂಗತಿ ಸೇರಿ ಆಡಳಿತ ಮಂಡಳಿಯಲ್ಲಿ ಚರ್ಚೆ ಆಯಿತು. ಮತ್ತೊಬ್ಬರಿಗೆ ದುಡ್ಡು ಕೊಟ್ಟು ಮಾಡಿಸೋಣ ಅಂದವರು ಜಾಸ್ತಿ. ಖಿರ್ದಿ ಪುಸ್ತಕ ಬರೆಯಲು ಬಾರದಿದ್ದರೂ ಓದಲು ಬರಬೇಕು ಅನ್ನುವುದು ನಿರ್ದೇಶಕರಿಗೆ ಇರುವ ನಿಯಮ. ಪುಟಕ್ಕೂ ಅದೇ ನಿಯಮ ಯಾಕೆ ಇರಬಾರದು ಅಂತ ನಾವು ಕೆಲವರು ವಾದ ಮಾಡಿದೆವು. ಸದಸ್ಯರೊಬ್ಬರ ಮಗಳು ಡಿಪ್ಲೊಮಾ ಓದಿ ಮನೆಯಲ್ಲಿದ್ದಳು, ವಾರಕ್ಕೆ ಎರಡು ದಿನ ಹೇಳಿಕೊಡುತ್ತೇನೆ ಅಂದಳು. ಹಾಗೆ ಶುರುವಾಯಿತು.

ಮೊದಲ ದಿನ ಆ ಹುಡುಗಿ ನೋಟ್‌ಪ್ಯಾಡ್ ತೆರೆದಳು. ಬಿಳಿ ಹಾಳೆ, ಬೇರೆ ಏನೂ ಇಲ್ಲ. ನಮಗೆ ನಿರಾಸೆಯೇ ಆಯಿತು ಅನ್ನಿ. ಜಾಲಪುಟ ಅಂದರೆ ಬಣ್ಣಬಣ್ಣದ ಗುಂಡಿಗಳು ಇರುತ್ತವೆ ಅಂತ ನಾವು ಕಾದಿದ್ದೆವು. ಅವಳು ಹೇಳಿದ್ದು ಇಷ್ಟು: ಪುಟ ಅಂದರೆ ಬರೀ ಅಕ್ಷರ. ಆ ಅಕ್ಷರಗಳ ನಡುವೆ ಇದು ತಲೆಬರಹ, ಇದು ಪ್ಯಾರಾ, ಇದು ಪಟ್ಟಿ ಅಂತ ಗುರುತು ಹಾಕಬೇಕು. ಆ ಗುರುತಿಗೆ ಟ್ಯಾಗ್ ಅನ್ನುತ್ತಾರೆ. ಟ್ಯಾಗ್ ಅಂದ ಕೂಡಲೇ ನಮಗೆಲ್ಲಾ ನಗು ಬಂತು. ಹಸುವಿನ ಕಿವಿಗೆ ಹಾಕುವ ಹಳದಿ ಟ್ಯಾಗು, 12 ಅಂಕಿಯದು, ಅದು ಯಾರಿಗೆ ಗೊತ್ತಿಲ್ಲ? ಆದರೆ ಯೋಚನೆ ಮಾಡಿದರೆ ಹೋಲಿಕೆ ಸರಿಯಾಗಿಯೇ ಇದೆ. ಟ್ಯಾಗು ಹಾಕಿದ್ದಕ್ಕೆ ಹಸು ಚೆಂದ ಕಾಣುವುದಿಲ್ಲ, ಹಾಲೂ ಹೆಚ್ಚು ಕೊಡುವುದಿಲ್ಲ. ಓದಬಲ್ಲವನಿಗೆ ಅದು ಯಾವ ಹಸು, ಯಾರದು ಅಂತ ಗೊತ್ತಾಗುತ್ತದೆ, ಅಷ್ಟೇ. ಜಾಲಪುಟದಲ್ಲಿ ಆ ಓದಬಲ್ಲವನು ಬ್ರೌಸರ್ ಎಂಬ ತಂತ್ರಾಂಶ.

ಗುರುತು ಹಾಕುವ ಕ್ರಮ ಹೀಗೆ. ಏಳನೇ ತರಗತಿ ಲೆಕ್ಕದಲ್ಲಿ ಚಿಕ್ಕದು, ದೊಡ್ಡದು ಅಂತ ಎರಡು ಮೊನೆ ಚಿಹ್ನೆ ಬರುತ್ತಿತ್ತಲ್ಲ, ಅವೆರಡರ ನಡುವೆ ಟ್ಯಾಗಿನ ಹೆಸರು. ಪ್ಯಾರಾಕ್ಕೆ 'ಪಿ'. ತಲೆಬರಹಕ್ಕೆ 'ಎಚ್', ಅದರಲ್ಲಿ 1ರಿಂದ 6ರವರೆಗೆ ದರ್ಜೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವ ಕೊಂಡಿಗೆ 'ಎ'. ಎಲ್ಲಿ ಶುರುವಾಯಿತೋ ಅಲ್ಲಿ ಒಂದು ಗುರುತು, ಎಲ್ಲಿ ಮುಗಿಯಿತೋ ಅಲ್ಲಿ ಓರೆಗೆರೆ ಸೇರಿಸಿ ಇನ್ನೊಂದು. ತೂಬು ಎತ್ತಿದವನು ಇಳಿಸಬೇಕು ತಾನೇ? ದಪ್ಪ ಅಕ್ಷರದ ಗುರುತು ತೆರೆದು ಮುಚ್ಚದಿದ್ದರೆ ಕೆಳಗಿನ ಇಡೀ ಪುಟ ದಪ್ಪ ಅಕ್ಷರದಲ್ಲಿ ತುಂಬಿ ಹರಿಯುತ್ತದೆ. ಬರೆದದ್ದನ್ನು ಎಚ್‌ಟಿಎಂಎಲ್ ಎಂಬ ಬಾಲ ಹಚ್ಚಿ ಉಳಿಸಿ, ಅದರ ಮೇಲೆ ಎರಡು ಸಲ ಒತ್ತಿದರೆ ಬ್ರೌಸರ್‌ನಲ್ಲಿ ಪುಟವಾಗಿ ತೆರೆಯುತ್ತದೆ. ಇಂಟರ್‌ನೆಟ್ ಕೂಡ ಬೇಕಿಲ್ಲ. ಕರೆಂಟು ಇದ್ದರೆ ಸಾಕು, ಅದೇ ನಮ್ಮೂರಿನಲ್ಲಿ ಕಷ್ಟ.

ಇದನ್ನು ಯಾರು ಕಂಡುಹಿಡಿದರು ಅಂತ ತಿಳಿಯುವ ಆಸೆ ನಮಗೆ ಹುಟ್ಟಿತು. ಸ್ವಿಟ್ಜರ್ಲೆಂಡಿನ ಜಿನೀವಾ ಹತ್ತಿರ ಸೆರ್ನ್ ಅಂತ ದೊಡ್ಡ ಭೌತವಿಜ್ಞಾನ ಸಂಸ್ಥೆ ಇದೆ. ಹತ್ತಾರು ದೇಶದ ವಿಜ್ಞಾನಿಗಳು ಅಲ್ಲಿ ಸೇರುತ್ತಾರೆ. ಅವರವರ ಗಣಕಯಂತ್ರ ಬೇರೆ, ಒಬ್ಬರ ಕಾಗದಪತ್ರ ಇನ್ನೊಬ್ಬರ ಯಂತ್ರದಲ್ಲಿ ತೆರೆಯುವುದಿಲ್ಲ. ಅಲ್ಲಿ ಕೆಲಸಕ್ಕಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷಿನವರು 1989ರ ಮಾರ್ಚಿಯಲ್ಲಿ ಇದಕ್ಕೊಂದು ದಾರಿ ಬರೆದುಕೊಟ್ಟರು. 1990ರ ಕೊನೆಗೆ ಪುಟ, ಪುಟ ಬಡಿಸುವ ಯಂತ್ರ, ಪುಟ ಓದುವ ಬ್ರೌಸರ್, ಮೂರನ್ನೂ ಮಾಡಿ ಮುಗಿಸಿದ್ದರು. ನಮಗೆ ಹಿಡಿಸಿದ ಸಂಗತಿ ಏನೆಂದರೆ, ಅವರ ಆ ಮೊದಲ ಬ್ರೌಸರ್‌ನಲ್ಲಿ ಓದುವುದೂ ಇತ್ತು, ಅಲ್ಲೇ ಬರೆಯುವುದೂ ಇತ್ತು. ಕಣ್ಣಿಗೆ ಕಾಣುವ ಪುಟದ ಮೇಲೆಯೇ ತಿದ್ದಬಹುದಿತ್ತು. ಆದರೆ ಅದು ನೆಕ್ಸ್ಟ್ ಎಂಬ ಒಂದೇ ಬಗೆಯ ದುಬಾರಿ ಯಂತ್ರದಲ್ಲಿ ಮಾತ್ರ ನಡೆಯುತ್ತಿತ್ತು. ಬೇರೆ ಯಂತ್ರಗಳಿಗೆಂದು ಮಾಡಿದ ಬ್ರೌಸರ್‌ಗಳಲ್ಲಿ, 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಬಂದು ಹೆಸರು ಮಾಡಿದ ಮೊಸಾಯಿಕ್‌ನಲ್ಲೂ ಸಹ, ಓದುವುದು ಉಳಿಯಿತು, ಬರೆಯುವುದು ಬಿಟ್ಟುಹೋಯಿತು. ಓದುವವರು ಒಂದು ಕಡೆ, ಬರೆಯಬಲ್ಲವರು ಒಂದು ಕಡೆ ಅಂತ ಆದದ್ದು ಅಲ್ಲಿಂದ ಅಂತ ನಮ್ಮ ಎಣಿಕೆ.

1993ರ ಏಪ್ರಿಲ್ 30ರಂದು ಸೆರ್ನ್ ಸಂಸ್ಥೆ ಇದನ್ನೆಲ್ಲಾ ಯಾರು ಬೇಕಾದರೂ ಬಳಸಬಹುದು, ಕಪ್ಪಕಾಣಿಕೆ ಏನೂ ಕೊಡಬೇಕಾಗಿಲ್ಲ ಅಂತ ಬರೆದುಕೊಟ್ಟಿತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ ನಾಡಿನವರಾದ ನಮಗೆ ಇದರ ಬೆಲೆ ಬೇರೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ದರಪಟ್ಟಿಯ ವಿಷಯಕ್ಕೆ ಬರೋಣ. ಪಟ್ಟಿಗೆ 'ಟೇಬಲ್' ಅಂತ ಟ್ಯಾಗು. ಅದರೊಳಗೆ ಒಂದೊಂದು ಸಾಲಿಗೆ 'ಟಿಆರ್', ಸಾಲಿನೊಳಗೆ ಒಂದೊಂದು ಮನೆಗೆ 'ಟಿಡಿ', ಕಲಮಿನ ಹೆಸರಿಗೆ 'ಟಿಎಚ್'. ಲೆಡ್ಜರು ಗೆರೆ ಎಳೆದು ಅಭ್ಯಾಸ ಇರುವ ನಮ್ಮ ಕಾರ್ಯದರ್ಶಿಗಳಿಗೆ ಅರ್ಧ ಗಂಟೆಯಲ್ಲಿ ಬಂತು, ನಮಗೆ ಎರಡು ವಾರ ಹಿಡಿಯಿತು. ಫ್ಯಾಟ್, ಎಸ್‌ಎನ್‌ಎಫ್, ಲೀಟರಿಗೆ ದರ, ಮೂರು ಕಲಮು. ನಾವೇ ಟೈಪು ಮಾಡಿದೆವು. ಆ ಕಣ್ಣು ಕಾಣದ ಸದಸ್ಯರನ್ನು ಕರೆಸಿ ಅವರ ಫೋನಿನಲ್ಲಿ ತೆರೆಸಿದೆವು. ಫೋನು ಒಂದೊಂದೇ ಮನೆಯನ್ನು ಓದುತ್ತಾ ಹೋಯಿತು. ಅವರು ಮಧ್ಯದಲ್ಲಿ ಕೈ ಎತ್ತಿ ನಿಲ್ಲಿಸಿ, ನಾಲ್ಕನೇ ಸಾಲಿನ ದರ ಇನ್ನೊಂದು ಸಲ ಓದಿಸಿ, ಹೋದ ಹದಿನೈದು ದಿನದ ಬಟವಾಡೆಯಲ್ಲಿ ನನಗೆ ಎಷ್ಟು ಬಂದಿದೆ ನೋಡಿ ಅಂದರು. ನೋಡಿದೆವು, ಸರಿ ಇತ್ತು. ಸರಿ ಇದೆಯಲ್ಲಾ ಅಂದದ್ದಕ್ಕೆ, ಸರಿ ಇರುತ್ತದೆ ಅಂತ ನನಗೆ ಗೊತ್ತಿತ್ತು, ನಾನೇ ನೋಡಬೇಕಾಗಿತ್ತು ಅಂದರು. ನೋಡಬೇಕಾಗಿತ್ತು ಅನ್ನುವ ಮಾತನ್ನೇ ಅವರು ಬಳಸಿದ್ದು.

ಇಲ್ಲಿ ಕನ್ನಡದ ಒಂದು ತೊಡಕನ್ನು ಹೇಳಲೇಬೇಕು, ಯಾಕೆಂದರೆ ಇದು ನಮ್ಮ ಸಂಘದ ಬೀರುವಿನಲ್ಲೇ ಇದೆ. ಹಿಂದೆ ಕನ್ನಡ ಅಕ್ಷರವನ್ನು ಗಣಕಯಂತ್ರದಲ್ಲಿ ಹೇಗೆ ಕೂರಿಸಿದ್ದರು ಅಂದರೆ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿದ್ದರು. ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಅಂಗಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅಂಗಿ ಕಳಚಿ ಬರೀ ಚಿತ್ರವಿಚಿತ್ರ ಗುರುತು. 1996ರಲ್ಲಿ ಯು. ಬಿ. ಪವನಜ ಅವರು ವಿಶ್ವಕನ್ನಡ ಎಂಬ ಜಾಲತಾಣ ತಂದಾಗಲೂ ಇದೇ ಕಾಲ. ಅಂಥ ಕಾಲದಲ್ಲಿ ಕನ್ನಡ ಪುಟ ತೋರಿಸಿದ್ದೇ ದೊಡ್ಡ ಸಾಹಸ ಅಂತ ನಾವು ಕೈ ಮುಗಿಯುತ್ತೇವೆ. ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಆದರೆ ಜನರ ಯಂತ್ರಕ್ಕೆ ಅದು ಬರಲು ವರ್ಷಗಳೇ ಹಿಡಿದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಬಂತು.

ಈಗ ಟೈಪು ಮಾಡುವಾಗ ನುಡಿಯಲ್ಲಾಗಲಿ, ಫೋನಿನಲ್ಲಾಗಲಿ ಯೂನಿಕೋಡ್ ಸಿಗುತ್ತದೆ. ಆದರೂ ಪುಟದ ತಲೆಯಲ್ಲಿ ಎರಡು ಮಾತು ಬರೆಯಬೇಕು. ಒಂದು, ಅಕ್ಷರಗಳು ಯುಟಿಎಫ್-8 ಕ್ರಮದಲ್ಲಿವೆ ಅನ್ನುವುದು. ಎರಡು, ಭಾಷೆ 'ಕೆಎನ್' ಅಂದರೆ ಕನ್ನಡ ಅನ್ನುವುದು. ಎರಡನೆಯದು ಕಣ್ಣಿಗೆ ಏನೂ ಕಾಣುವುದಿಲ್ಲ. ಓದಿ ಹೇಳುವ ಯಂತ್ರಕ್ಕೆ ಯಾವ ಭಾಷೆಯ ದನಿ ಹಚ್ಚಬೇಕು ಅಂತ ತಿಳಿಯಲು ಅದು ಬೇಕು. ಹಳೆಯ ಯಂತ್ರದ ನೋಟ್‌ಪ್ಯಾಡ್ ಆದರೆ ಉಳಿಸುವಾಗಲೂ ಯುಟಿಎಫ್-8 ಅಂತ ಆರಿಸಬೇಕು. ತಾನೇ ತೋರಿಸುವ ಆನ್ಸಿ ಎಂಬುದನ್ನೇ ಒತ್ತಿದರೆ ನಿಮ್ಮ ಕನ್ನಡವೆಲ್ಲಾ ಪ್ರಶ್ನಾರ್ಥಕ ಚಿಹ್ನೆಯಾಗಿ ಕೂರುತ್ತದೆ, ವಾಪಸ್ ಬರುವುದಿಲ್ಲ.

ಇನ್ನು ಕಣ್ಣಿಗೆ ಕಾಣುವ ಹಾಗೇ ತಿದ್ದುವ ಎಡಿಟರುಗಳು. ಇವನ್ನು ಬೈಯುವುದು ಕಲಿತವರಲ್ಲಿ ಒಂದು ಅಭ್ಯಾಸ. ನಾವು ಬೈಯುವುದಿಲ್ಲ. ಕೂರಿಗೆ ಹಿಡಿದವನು ಟ್ರ್ಯಾಕ್ಟರ್ ಬೈದರೆ ಬಿತ್ತನೆ ಮುಗಿಯುವುದಿಲ್ಲ. ಇವುಗಳ ಕತೆಯೂ ಒಂದಿಷ್ಟು ಗೊತ್ತಿರಲಿ. 1995ರಲ್ಲಿ ವರ್ಮಿಯರ್ ಎಂಬ ಚಿಕ್ಕ ಕಂಪನಿ ಫ್ರಂಟ್‌ಪೇಜ್ ಮಾಡಿತು, 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಪತ್ರ ಟೈಪು ಮಾಡಿದ ಹಾಗೆ ಪುಟ ಮಾಡಿ ಅಂತ ಜನಕ್ಕೆ ಹೇಳಿತು. ಜನ ಮಾಡಿದರು ಕೂಡ. ಆದರೆ ಅದು ನಾವು ಬರೆದ ಕೋಡನ್ನು ತನಗೆ ಬೇಕಾದ ಹಾಗೆ ತಿರುಗಿಸಿ ಬರೆಯುತ್ತಿತ್ತು ಅನ್ನುವ ದೂರು ಇತ್ತು. ಅದರ ಕೆಲವು ಸೌಲಭ್ಯ ಕೆಲಸ ಮಾಡಬೇಕಾದರೆ ಪುಟ ಇಡುವ ಯಂತ್ರದಲ್ಲೂ ಮೈಕ್ರೋಸಾಫ್ಟಿನ ವಿಶೇಷ ಭಾಗಗಳು ಇರಬೇಕಿತ್ತು. 1997ರ ಡಿಸೆಂಬರ್‌ನಲ್ಲಿ ಮ್ಯಾಕ್ರೋಮೀಡಿಯಾ ಕಂಪನಿಯ ಡ್ರೀಮ್‌ವೀವರ್ ಬಂತು. ನೀವು ಕೈಯಲ್ಲಿ ಬರೆದದ್ದನ್ನು ನಾವು ಕೆಡಿಸುವುದಿಲ್ಲ ಅನ್ನುವುದೇ ಅದರ ದೊಡ್ಡ ಜಾಹೀರಾತು. ಅದರಲ್ಲಿ ಪರದೆ ಎರಡು ಭಾಗ ಮಾಡಿ ಒಂದು ಕಡೆ ಕೋಡು, ಒಂದು ಕಡೆ ಕಾಣುವ ಪುಟ ಇಟ್ಟುಕೊಳ್ಳಬಹುದು. 2005ರಲ್ಲಿ ಅಡೋಬಿ ಆ ಕಂಪನಿಯನ್ನೇ ಕೊಂಡಿತು. ನೆಟ್‌ಸ್ಕೇಪ್ ಬ್ರೌಸರ್ ಜೊತೆ ಕಂಪೋಸರ್ ಅಂತ ಪುಕ್ಕಟೆ ಎಡಿಟರ್ ಬರುತ್ತಿತ್ತು. ಅದರ ವಂಶದಲ್ಲಿ ಎನ್‌ವಿಯು, ಅದರಿಂದ ಕೊಂಪೋಜರ್, ಹೀಗೆ ಪುಕ್ಕಟೆಯಾಗಿಯೇ ಮುಂದುವರಿಯಿತು. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್‌ಗೆ 2018ರ ಡಿಸೆಂಬರ್‌ನಲ್ಲಿ ಇಟ್ಟಿಗೆ ಜೋಡಿಸಿದ ಹಾಗೆ ಪುಟ ಕಟ್ಟುವ ಗುಟೆನ್‌ಬರ್ಗ್ ಎಡಿಟರ್ ಸೇರಿತು.

ಈ ಕತೆಯಲ್ಲಿ ಎಷ್ಟು ಹೆಣ ಬಿದ್ದಿವೆ ನೋಡಿ. ಫ್ರಂಟ್‌ಪೇಜ್ 2006ರಲ್ಲಿ ನಿಂತಿತು. ಕೊಂಪೋಜರ್ 2010ರ ನಂತರ ಹೊಸದು ಬರಲಿಲ್ಲ. ಲಕ್ಷಾಂತರ ಜನ ತಮ್ಮ ಮೊದಲ ಪುಟ ಮಾಡಿಟ್ಟಿದ್ದ ಜಿಯೋಸಿಟೀಸ್ ಎಂಬ ಜಾಗವನ್ನು ಯಾಹೂ ಕಂಪನಿ 2009ರಲ್ಲಿ ಅಮೆರಿಕದಲ್ಲಿ ಮುಚ್ಚಿತು. ಪುಟದಲ್ಲಿ ಕುಣಿಯುವ ಚಿತ್ರ ಹಾಕುತ್ತಿದ್ದ ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ಕ್ಕೆ ಅಡೋಬಿಯೇ ಬೆಂಬಲ ನಿಲ್ಲಿಸಿತು. ಆದರೆ ಸೆರ್ನ್‌ನ ಆ ಮೊದಲ ಜಾಲತಾಣವನ್ನು 2013ರಲ್ಲಿ ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟರಲ್ಲ, ಅದು ಇವತ್ತು ನಿಮ್ಮ ಜೇಬಿನ ಫೋನಿನಲ್ಲೂ ತೆರೆಯುತ್ತದೆ. ನಾವೇ ತೆರೆದು ನೋಡಿದ್ದೇವೆ. ಬಣ್ಣ ಇಲ್ಲ, ಚಿತ್ರ ಇಲ್ಲ, ಬರೀ ಅಕ್ಷರ ಮತ್ತು ಕೊಂಡಿ. ಅದರಲ್ಲಿ ಬಳಸಿದ ಪ್ಯಾರಾ, ತಲೆಬರಹ, ಕೊಂಡಿಯ ಟ್ಯಾಗುಗಳನ್ನೇ ನಾವು ಮೊನ್ನೆ ಸಂಘದ ಪುಟದಲ್ಲಿ ಬರೆದಿರುವುದು. ಎಡಿಟರು ಬದಲಾಗುತ್ತದೆ, ಕೋಡು ಉಳಿಯುತ್ತದೆ ಅಂತ ನಾವು ಮಂಡಳಿಯ ಮುಂದೆ ವಾದ ಮಾಡಿದ್ದು ಇದನ್ನು ಇಟ್ಟುಕೊಂಡೇ.

ಎಡಿಟರಿನಲ್ಲಿ ಕೆಲಸ ಮಾಡುವಾಗ ಕಣ್ಣು ಮೋಸ ಹೋಗುವುದು ಎಲ್ಲಿ ಅಂತ ಕೇಳಿ. ಅಕ್ಷರ ದೊಡ್ಡದು ಮಾಡಿ, ದಪ್ಪ ಮಾಡಿ, ನಡುವೆ ಇಟ್ಟರೆ ತಲೆಬರಹದ ಹಾಗೆ ಕಾಣುತ್ತದೆ. ಆದರೆ ಒಳಗೆ ಅದು ತಲೆಬರಹ ಅಲ್ಲ, ಕೊಬ್ಬಿದ ಪ್ಯಾರಾ ಅಷ್ಟೇ. ಕಣ್ಣು ಕಾಣದವರು ತಲೆಬರಹದಿಂದ ತಲೆಬರಹಕ್ಕೆ ನೆಗೆದು ಹುಡುಕುತ್ತಾರೆ. ಇಲ್ಲಿ ನೆಗೆಯಲು ಮೆಟ್ಟಿಲೇ ಇರುವುದಿಲ್ಲ. ವರ್ಡ್‌ನಲ್ಲಿ ಟೈಪು ಮಾಡಿದ ನಡಾವಳಿಯನ್ನು ತಂದು ಅಂಟಿಸಿದರೆ ಅದರ ಹಿಂದೆ ಕಸದ ಗಾಡಿಯೇ ಬರುತ್ತದೆ. ನಾಲ್ಕು ಸಾಲಿನ ಸೂಚನೆಗೆ ಎರಡು ಪರದೆ ಕೋಡು. ಇದು ಎಷ್ಟು ಹಳೆಯ ರೋಗ ಅಂದರೆ, ವರ್ಡ್‌ನ ಕಸ ಗುಡಿಸುವುದಕ್ಕೆ ಅಂತಲೇ ಡ್ರೀಮ್‌ವೀವರ್‌ನಲ್ಲಿ ಒಂದು ಆಜ್ಞೆ ಇಟ್ಟಿದ್ದರು. ನಮ್ಮೂರಿನ ಗುಡ್ಡದ ಕೆಳಗಿನ ಮನೆಗಳಿಗೆ ಸಿಗ್ನಲ್ಲು ಬರುವುದೇ ಹನಿ ಹನಿ. ಅಲ್ಲಿ ಭಾರದ ಪುಟ ಸುತ್ತುತ್ತಲೇ ಇರುತ್ತದೆ, ಕೈಯಲ್ಲಿ ಬರೆದ ಹಗುರ ಪುಟ ತಟ್ಟನೆ ತೆರೆಯುತ್ತದೆ. ಇನ್ನು ಪಟ್ಟಿಯ ಅಗಲವನ್ನು ಕಂಪ್ಯೂಟರ್ ಪರದೆಗೆ ಎಳೆದು ಕೂರಿಸಿದರೆ ಫೋನಿನಲ್ಲಿ ದರದ ಕಲಮು ಆಚೆ ಹೋಗಿ ಬೀಳುತ್ತದೆ. ದರವೇ ಕಾಣದ ದರಪಟ್ಟಿ!

ಬಣ್ಣ, ಅಗಲ, ಅಂತರ ಇವುಗಳಿಗೆಲ್ಲಾ ಸಿಎಸ್‌ಎಸ್ ಅಂತ ಬೇರೆ ಕಡತವೇ ಇದೆ. ನಾರ್ವೆಯವರಾದ ಹೋಕನ್ ವಿಯುಮ್ ಲೀ 1994ರಲ್ಲಿ ಸೂಚಿಸಿದ್ದು, 1996ರ ಡಿಸೆಂಬರ್‌ನಲ್ಲಿ ನಿಯಮವಾಗಿ ಬಂತು. ಅದರಲ್ಲಿ ನಮಗೆ ಬಂದಿರುವುದು ಕಾಲುಭಾಗ ಮಾತ್ರ, ಹಾಗಾಗಿ ಹೆಚ್ಚು ಹೇಳುವುದಿಲ್ಲ. ನಮ್ಮ ಹಿರಿಯ ನಿರ್ದೇಶಕರಿಗೆ ಓಡಾಡುವ ಅಕ್ಷರ ಬೇಕೇ ಬೇಕಾಗಿತ್ತು. ಹುಡುಗಿ ಒಪ್ಪಲಿಲ್ಲ. ದರ ಓಡಿಹೋದರೆ ಓದುವುದು ಯಾವಾಗ ಅಂದಳು.

ಕಲಿಯುವ ಕ್ರಮದ ಬಗ್ಗೆ ನಮ್ಮಲ್ಲೇ ಎರಡು ಪಕ್ಷ ಇದೆ. ಮೊದಲು ಕೋಡು, ಆಮೇಲೆ ಎಡಿಟರು ಅನ್ನುವುದು ನಮ್ಮ ಪಕ್ಷ. ಆದರೆ ಸ್ತ್ರೀಶಕ್ತಿ ಗುಂಪಿನ ಸದಸ್ಯೆಯೊಬ್ಬರು ನೇರವಾಗಿ ಎಡಿಟರಿನಲ್ಲೇ ಶುರು ಮಾಡಿದರು. ಮೇಲೆ ಒಂದು ಗುಂಡಿ ಒತ್ತುವುದು, ಕೋಡಿನ ಕಡೆ ತಿರುಗಿಸಿ ಏನು ಬದಲಾಯಿತು ಅಂತ ನೋಡುವುದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಎರಡು ತಿಂಗಳಲ್ಲಿ ನಮ್ಮನ್ನು ಹಿಂದೆ ಹಾಕಿದರು. ಪಶುವೈದ್ಯರು ಬರುವ ದಿನಗಳ ಪುಟ ಪೂರ್ತಿ ಅವರದೇ. ಹಾಗಾಗಿ ಯಾವ ಬಾಗಿಲಿಂದ ಒಳಗೆ ಬಂದರೂ ಸರಿ, ಒಳಮನೆ ನೋಡದೆ ಜಗುಲಿಯಿಂದಲೇ ಹಿಂದಿರುಗಬಾರದು ಅನ್ನುವಷ್ಟಕ್ಕೆ ಈಗ ಎರಡೂ ಪಕ್ಷ ರಾಜಿ ಆಗಿದೆ. ಯಾವ ಪುಟದ ಒಳಮನೆಯನ್ನಾದರೂ ನೋಡಬಹುದು ಅನ್ನುವುದು ತಮಗೆ ಗೊತ್ತಿರಲಿ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿದರೆ ಸಾಕು, ಎಂಥ ದೊಡ್ಡ ಕಂಪನಿಯ ಪುಟವಾದರೂ ತನ್ನ ಕೋಡು ಬಿಚ್ಚಿ ತೋರಿಸುತ್ತದೆ. ಜಗತ್ತಿನಲ್ಲಿ ಬಹಳ ಜನ ಶಾಲೆ ಇಲ್ಲದೆ ಕಲಿತದ್ದು ಹೀಗೆ ಇನ್ನೊಬ್ಬರ ಹೊಲದ ಬದುವಿನ ಮೇಲೆ ನಿಂತು ನೋಡಿಯೇ.

ಎರಡು ಆಕ್ಷೇಪಣೆಗೆ ಉತ್ತರ ಹೇಳಬೇಕು. ವಾಟ್ಸಾಪ್ ಗುಂಪು ಇರುವಾಗ ಪುಟ ಯಾಕೆ ಅಂತ ಮಹಾಸಭೆಯಲ್ಲಿ ಕೇಳಿದರು. ಕೇಳಿದ್ದು ಸರಿಯೇ, ಈವತ್ತಿನ ಸುದ್ದಿಗೆ ವಾಟ್ಸಾಪ್ ಸಾಕು. ಆದರೆ ಆರು ತಿಂಗಳ ಹಿಂದಿನ ದರ ಬೇಕು ಅಂದರೆ ಶುಭೋದಯದ ಹೂವು, ಮದುವೆ ಕಾರ್ಡು ಎಲ್ಲಾ ದಾಟಿ ಹುಡುಕಬೇಕು. ಹೊಸದಾಗಿ ಸೇರಿದ ಸದಸ್ಯರಿಗೆ ಹಳೆಯದು ಸಿಗುವುದೇ ಇಲ್ಲ. ಪುಟದಲ್ಲಿ ಹಳೆಯ ದರಪಟ್ಟಿಯನ್ನೂ ದಿನಾಂಕ ಹಾಕಿ ಹಾಗೇ ಇಟ್ಟಿದ್ದೇವೆ, ಅಳಿಸುವುದಿಲ್ಲ.

ಎರಡನೆಯದು ಯುವಕರ ಮಾತು: ಈಗ ಎ.ಐ. ಬಂದಿದೆ, ಹೇಳಿದರೆ ಅದೇ ಪುಟ ಬರೆದುಕೊಡುತ್ತದೆ, ನೀವು ಯಾಕೆ ಕಣ್ಣು ನೋಯಿಸಿಕೊಳ್ಳುತ್ತೀರಿ ಅಂತ. ನಮ್ಮ ಸಂಘದಲ್ಲಿ ಎ.ಐ. ಅಂದರೆ ಕೃತಕ ಗರ್ಭಧಾರಣೆ, ಅದಕ್ಕೆ ಅಂತಲೇ ತರಬೇತಿ ಪಡೆದ ಹುಡುಗ ಇದ್ದಾನೆ. ಮೊದಮೊದಲು ಈ ಎರಡು ಎ.ಐ. ನಡುವೆ ಆದ ಗೊಂದಲ ಅಷ್ಟಿಷ್ಟಲ್ಲ. ಇರಲಿ. ಈ ಕೃತಕ ಬುದ್ಧಿಯನ್ನೂ ನಾವು ಪರೀಕ್ಷೆ ಮಾಡಿದೆವು. ಹಾಲಿನ ಸಂಘಕ್ಕೆ ದರಪಟ್ಟಿ ಇರುವ ಕನ್ನಡ ಪುಟ ಬೇಕು ಅಂದೆವು. ಒಂದು ನಿಮಿಷದಲ್ಲಿ ಬರೆದುಕೊಟ್ಟಿತು, ನಮ್ಮದಕ್ಕಿಂತ ಚೆಂದವಾಗಿ, ಟ್ಯಾಗುಗಳೂ ಅಚ್ಚುಕಟ್ಟು. ಆದರೆ ಪಟ್ಟಿಯೊಳಗೆ ನಾವು ಕೊಡದೇ ಇದ್ದ ದರ ತುಂಬಿತ್ತು, ಮಾದರಿಗೆ ಅಂತ ತಾನೇ ಹಾಕಿಕೊಂಡದ್ದು. ಎಲ್ಲಿ ಯಾವ ಸಾಲು ಅಂತ ಓದಲು ಬರುತ್ತಿದ್ದರಿಂದ ಅವನ್ನು ತೆಗೆದು ನಮ್ಮವನ್ನು ತುಂಬಿ, ಅದರ ಬಣ್ಣದ ಕಡತವನ್ನು ಮಾತ್ರ ಇಟ್ಟುಕೊಂಡೆವು. ಬಳಸಬೇಡಿ ಅಂತ ನಾವು ಯಾರಿಗೂ ಹೇಳುವುದಿಲ್ಲ. ಆಳು ಎಷ್ಟೇ ಚುರುಕಾಗಿದ್ದರೂ ಅಳತೆಯ ಹೊತ್ತಿಗೆ ಯಜಮಾನ ಕಣದಲ್ಲಿರಬೇಕು.

ಈಗ ಸಂಘದ ಪುಟದಲ್ಲಿ ದರಪಟ್ಟಿ, ಪಶುವೈದ್ಯರ ದಿನ, ಲಸಿಕೆಯ ದಿನಾಂಕ, ಉಪವಿಧಿ ಪೂರ್ತಿ, ಮತ್ತು ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಇದೆ. ಚಿತ್ರ ಹಾಕಿದ ಕಡೆಯೆಲ್ಲಾ ಆ ಚಿತ್ರದಲ್ಲಿ ಏನಿದೆ ಅಂತ 'ಆಲ್ಟ್' ಎಂಬ ಜಾಗದಲ್ಲಿ ಕನ್ನಡದಲ್ಲಿ ಬರೆದಿದ್ದೇವೆ. ಪುಟದ ಹೆಸರನ್ನು ಈ ಸಲ ಸಂಘದ ಹೆಸರಿನಲ್ಲೇ ನೋಂದಾಯಿಸಲಾಗಿದೆ. ಅದರ ಗುಪ್ತಪದ ಅರಗು ಹಾಕಿದ ಲಕೋಟೆಯಲ್ಲಿ ತಿಜೋರಿಯಲ್ಲಿದೆ, ಬಾಡಿಗೆ ಕಟ್ಟುವ ದಿನಾಂಕ ನಡಾವಳಿ ಪುಸ್ತಕದಲ್ಲಿ ಠರಾವಾಗಿ ದಾಖಲಾಗಿದೆ. ನಾಳೆ ನಾವು ನಿರ್ದೇಶಕರಾಗಿ ಇರುತ್ತೇವೋ ಇಲ್ಲವೋ, ಚುನಾವಣೆ ತಮ್ಮ ಕೈಯಲ್ಲಿದೆ. ಬರುವವರಿಗೆ ಲಕೋಟೆ ಸಿಗುತ್ತದೆ.

ಒಂದು ದೊಡ್ಡ ಕೆಲಸ ಬಾಕಿ ಇದೆ. ಸಂಘದ ಹಳೆಯ ವಾರ್ಷಿಕ ವರದಿಗಳೆಲ್ಲಾ ಆ ಹಳೆಯ ಫಾಂಟಿನಲ್ಲಿ ಟೈಪು ಆಗಿವೆ. ಪರಿವರ್ತಿಸುವ ತಂತ್ರಾಂಶ ಇದೆ. ಆದರೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಎಡವುತ್ತದೆ, ಸ್ಥಾಪಕ ಸದಸ್ಯರ ಹೆಸರೇ ತಪ್ಪಾಗಿ ಬರುತ್ತದೆ. ಒಬ್ಬರು ಮೂಲ ಓದಬೇಕು, ಒಬ್ಬರು ತಿದ್ದಬೇಕು. ಇಪ್ಪತ್ತೈದು ವರ್ಷದ ವರದಿ ಅಂದರೆ ಐದಾರು ಜನರಿಂದ ಆಗುವಂಥದ್ದಲ್ಲ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಏಳೂವರೆಗೆ ಸಂಘದ ಕಚೇರಿಯಲ್ಲಿ ಸೇರುತ್ತೇವೆ. ಇಂಗ್ಲಿಷ್ ಅಕ್ಷರ ಗುರುತಿಸಲು ಬಂದರೆ ಸಾಕು, ಇಂಗ್ಲಿಷ್ ಬರಬೇಕಾಗಿಲ್ಲ. ಕನ್ನಡ ಚೆನ್ನಾಗಿ ಓದಲು ಬಂದರೆ ಮಾತ್ರ ಬಹಳ ಉಪಕಾರ. ಎರಡು ಕಂಪ್ಯೂಟರ್ ಇವೆ, ನೋಟ್‌ಬುಕ್ ತಾವೇ ತರಬೇಕು. ಹೆಸರನ್ನು ಕಾರ್ಯದರ್ಶಿಗಳ ಹತ್ತಿರ ಬರೆಸಿ. ಊಟಕ್ಕೆ ಹೊತ್ತಾಗಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.